ದೂರ ಸರಿದರೆ ಜೋಳದ ಹೊಲ ರಾಡಿ ಆಗುವುದೇಕೆ? ಚುಕ್ಕೆ ಚಿತ್ರದ ಜೋಡಿ ಲೆಕ್ಕ

ಪ್ರಶ್ನೆ: ನಾನು ಬಸವನ ಬಾಗೇವಾಡಿ ಕಡಿಯಾಂವ, ಸಾಲ್ಯಾಗ ಚಿತ್ರಕಲಾ ಕಲಸ್ತೀನಿ. 18×24 ಇಂಚಿನ ಕ್ಯಾನ್ವಾಸ್ ಬೋರ್ಡ್ ಮ್ಯಾಲ ನಮ್ಮ ಸುಗ್ಗಿ ಚಿತ್ರ ಬರೇ ಚುಕ್ಕಿಯೊಳಗ ಬರದೀನಿ. ಮುಂದ ಜೋಳದ ಹೊಲ, ನಡುವ ಕಣ, ಜೋಡೆತ್ತು, ತೂರೋ ಹೆಣ್ಣಮಗಳು, ಹಿಂದ ಬೇವಿನ ಗಿಡ, ಮಾಳಿಗಿ ಮನಿ. ಪೋಸ್ಟರ್ ಕಲರ್, ಇಯರ್ ಬಡ್ಸ್ ಬಳಸೀನಿ. ಹತ್ತಿರ ನಿಂತು ನೋಡಿದ್ರ ಬಣ್ಣ ಛಲೋ ಹೊಳಿತಾವ. ಹತ್ತು ಹೆಜ್ಜಿ ಹಿಂದ ಸರದ್ರ ಹೊಲ ಎಲ್ಲಾ ರಾಡಿ. ನೀಲಿ, ಹಳದಿ ಚುಕ್ಕಿ ಕೂಡಿ ಹಸಿರು ಆಗತಾವಂತ ಓದಿದ್ದೆ. ಬೇವಿನ ಗಿಡ ಬೂದಿ ಆಗಿ ಕುಂತೈತಿ. ಎರಿ ಮಣ್ಣಿಗೆ ಕರಿ ಹಚ್ಚಬಾರದಂತಾರ, ಮತ್ತೇನು ಹಚ್ಚೂದು? ಚುಕ್ಕಿ ಎಷ್ಟು ದಪ್ಪ ಇರಬೇಕು?

ಉತ್ತರ: ಹತ್ತಿರದಲ್ಲಿ ಹೊಳೆಯುವುದು ದೂರಕ್ಕೆ ರಾಡಿಯಾಗುತ್ತದೆ ಎಂದರೆ ನಿಮ್ಮ ಬಣ್ಣವೂ ಸರಿಯಿದೆ, ಕೈಯೂ ಸರಿಯಿದೆ, ಪಕ್ಕಪಕ್ಕ ಕೂರಿಸಿದ ಜೋಡಿಗಳು ತಪ್ಪಿವೆ. ಜೊತೆಗೆ ಪೋಸ್ಟರ್ ಕಲರಿನದೊಂದು ಕಾಟ ಸೇರಿಕೊಂಡಿದೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಬೇವಿನ ಗಿಡ. ನೀಲಿ ಮತ್ತು ಹಳದಿಯನ್ನು ತಟ್ಟೆಯಲ್ಲಿ ಕಲಸಿದರೆ ಹಸಿರಾಗುತ್ತದೆ. ಅಲ್ಲಿ ನಡೆಯುವುದು ಕಳೆಯುವ ಲೆಕ್ಕ. ನೀಲಿ ಬಣ್ಣ ಕೆಂಪು ಬೆಳಕನ್ನು ನುಂಗುತ್ತದೆ, ಹಳದಿ ಬಣ್ಣ ನೀಲಿ ಬೆಳಕನ್ನು ನುಂಗುತ್ತದೆ, ಇಬ್ಬರೂ ನುಂಗದೆ ಬಿಟ್ಟದ್ದು ಹಸಿರು. ಚುಕ್ಕೆಗಳು ಒಂದರೊಳಗೊಂದು ಕಲಸುವುದಿಲ್ಲ, ಹಾಗಾಗಿ ಈ ನುಂಗಾಟವೂ ಇಲ್ಲ. ಹಳದಿ ಚುಕ್ಕೆ ತನ್ನ ಪಾಡಿಗೆ ಕೆಂಪು ಮತ್ತು ಹಸಿರು ಬೆಳಕನ್ನು ಕಳಿಸುತ್ತದೆ, ನೀಲಿ ಚುಕ್ಕೆ ನೀಲಿಯನ್ನು ಕಳಿಸುತ್ತದೆ. ಮೂರೂ ಕಣ್ಣಲ್ಲಿ ಕೂಡಿದರೆ ಬಿಳಿಯ ಕಡೆಗೆ ಸಾಗುತ್ತವೆ. ಆದರೆ ಒಂದೊಂದು ಬಣ್ಣಕ್ಕೂ ಸಿಕ್ಕಿರುವುದು ಅರ್ಧ ಜಾಗ ಮಾತ್ರ. ಅರ್ಧ ಬೆಳಕಿನ ಬಿಳಿ ಎಂದರೆ ಬೂದಿ. ನಿಮ್ಮ ಬೇವಿನ ಗಿಡ ಲೆಕ್ಕಕ್ಕೆ ತಪ್ಪದೆ ನಡೆದುಕೊಂಡಿದೆ. ತಪ್ಪಿದ್ದು ಪುಸ್ತಕ.

ಹಸಿರು ಬೇಕಾದರೆ ಹಸಿರನ್ನು ತಟ್ಟೆಯಲ್ಲೇ ಕಲಸಿಕೊಳ್ಳಬೇಕು. ಆಮೇಲೆ ಅದನ್ನು ಬಿಡಿ ಛಾಯೆಗಳಾಗಿ ಬೇರ್ಪಡಿಸಬೇಕು: ಹಳದಿಯ ಕಡೆ ವಾಲಿದ ಹಸಿರು, ನೀಲಿಯ ಕಡೆ ವಾಲಿದ ಹಸಿರು, ನಡುವಿನ ಹಸಿರು. ಈ ಮೂರು ಪಕ್ಕಪಕ್ಕ ಕೂತರೆ ದೂರಕ್ಕೆ ಜೀವಂತ ಹಸಿರು ಸಿಗುತ್ತದೆ. ಚುಕ್ಕೆ ಚಿತ್ರದ ಫ್ರೆಂಚ್ ಕಲಾವಿದ ಪಾಲ್ ಸಿನ್ಯಾಕ್ 1899ರ ತಮ್ಮ ಪುಸ್ತಕದಲ್ಲಿ ಹಟ ಹಿಡಿದು ಹೇಳಿದ್ದೂ ಇದನ್ನೇ. ಚುಕ್ಕೆ ಇಡುವುದು ದೊಡ್ಡ ವಿಷಯವಲ್ಲ, ಬಣ್ಣವನ್ನು ಬೇರ್ಪಡಿಸುವುದು ವಿಷಯ. ಸ್ವತಃ ಅವರೇ ಮುಂದೆ ಸಣ್ಣ ಚುಕ್ಕೆ ಬಿಟ್ಟು ಮೊಸಾಯಿಕ್ ಚೂರಿನಂಥ ದಪ್ಪ ಗುರುತುಗಳಿಗೆ ಹೋದರು.

ಇನ್ನು ರಾಡಿ. ನಿಮ್ಮ ಹೊಲದಲ್ಲಿ ಕೆಂಪು, ಹಸಿರು, ಕಿತ್ತಳೆ, ನೀಲಿ ಎಲ್ಲವೂ ಡಬ್ಬಿಯಿಂದ ತೆಗೆದ ಹಾಗೆಯೇ ಬಿದ್ದಿರಬೇಕು. ಕೆಂಪು ಮತ್ತು ಹಸಿರು ಬೆಳಕು ಕೂಡಿದರೆ ಹಳದಿ. ಚುಕ್ಕೆಯಲ್ಲಿ ಕೂಡಿದರೆ ಸರಾಸರಿ, ಅಂದರೆ ಮಬ್ಬು ಹಳದಿ. ಮಬ್ಬು ಹಳದಿಗೆ ನಾವು ಕೊಟ್ಟಿರುವ ಹೆಸರೇ ಕಂದು. ಕಂದು ಬೇರೆ ಜಾತಿಯ ಬಣ್ಣವಲ್ಲ, ಬೆಳಕು ಕಡಿಮೆಯಾದ ಹಳದಿ-ಕಿತ್ತಳೆ. ಈ ಒಂದು ಮಾತು ತಿಳಿದರೆ ರಾಡಿಯಿಂದ ಹೊರಗೆ ಬರುವ ದಾರಿಯೂ ಅದರಲ್ಲೇ ಕಾಣುತ್ತದೆ. ಆ ಕೆಂಪು ಮತ್ತು ಹಸಿರನ್ನು ಬಿಳಿ ಹಾಕಿ ತಿಳಿ ಮಾಡಿ. ಕೆಂಪಿನ ಬದಲು ತಿಳಿ ಕಿತ್ತಳೆ, ಹಸಿರಿನ ಬದಲು ಪಿಸ್ತಾ ಹಸಿರು. ಸರಾಸರಿ ಆಗುವುದು ಆಗಲೂ ಹಳದಿಯೇ, ಆದರೆ ಬೆಳಕುಳ್ಳ ಹಳದಿ. ಒಣಗಿದ ಜೋಳದ ರವದಿಯ ಬಣ್ಣ ಸರಿಯಾಗಿ ಅದೇ.

ನಿಮ್ಮ ಸೀಮೆಯ ನೇಕಾರರು ಈ ಸರಾಸರಿಯ ಗುಣ ಬಲ್ಲವರು. ಗುಳೇದಗುಡ್ಡದ ಖಣದಲ್ಲಿ ಹಾಸು ಕೆಂಪು, ಹೊಕ್ಕು ಹಸಿರು ಇದ್ದರೆ ಬಟ್ಟೆ ಚಪ್ಪಟೆಯಾಗಿ ಹಾಸಿದಾಗ ಎರಡೂ ಅಲ್ಲದ ಮಾಗಿದ ಬಣ್ಣ ಕಾಣುತ್ತದೆ, ಮಡಿಕೆ ಬಿದ್ದ ಕಡೆ ಒಂದೊಂದೇ ಎದ್ದು ಹೊಳೆಯುತ್ತದೆ. ಕಸೂತಿಯ ಮೆಂತೆ ಹೊಲಿಗೆಯೂ ಹತ್ತಿರಕ್ಕೆ ಬಿಡಿ ಕಾಳು, ದೂರಕ್ಕೆ ಒಂದೇ ಹರಹು. ಚುಕ್ಕೆ ಚಿತ್ರದ ಶಾಸ್ತ್ರ ಹುಟ್ಟಿದ್ದೂ ಬಟ್ಟೆಯ ಜಗಲಿಯಲ್ಲೇ. ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಅದ್ದುವ ವಿಭಾಗದ ಮುಖ್ಯಸ್ಥರಾಗಿದ್ದ ಮಿಶೆಲ್ ಶೆವ್ರೊಲ್ ಅವರ ಮುಂದೆ ಒಂದು ದೂರು ಬಂತು, ಕಪ್ಪು ನೂಲಿನಲ್ಲಿ ಕಸುವಿಲ್ಲ ಎಂದು. ಪರೀಕ್ಷಿಸಿದರೆ ನೂಲಿನ ಕಪ್ಪು ಸರಿಯೇ ಇತ್ತು. ಪಕ್ಕದ ನೀಲಿ, ನೇರಳೆ ನೂಲುಗಳು ಅದನ್ನು ಸಪ್ಪೆ ಮಾಡುತ್ತಿದ್ದವು. ನೆರೆಯ ಬಣ್ಣ ಹೇಗೆ ಬಣ್ಣವನ್ನು ಬದಲಿಸುತ್ತದೆ ಎಂಬ ಅವರ ದೊಡ್ಡ ಪುಸ್ತಕ 1839ರಲ್ಲಿ ಬಂತು. ಚುಕ್ಕೆ ಶೈಲಿ ಶುರುಮಾಡಿದ ಕಲಾವಿದ ಜಾರ್ಜ್ ಸೊರಾ ಅದನ್ನು ಓದಿಕೊಂಡೇ 1884ರಿಂದ 1886ರವರೆಗೆ ಸುಮಾರು 2 ಮೀಟರ್ ಎತ್ತರ, 3 ಮೀಟರ್ ಅಗಲದ 'ಗ್ರಾಂಡ್ ಜಾತ್' ಚಿತ್ರದ ಮೇಲೆ ಕೂತರು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು: ಟೋನ್, ಅಂದರೆ ಬಣ್ಣದ ತಿಳಿ-ಗಾಢ. ನಮ್ಮ ಕಣ್ಣಿಗೆ ಬಣ್ಣದ ವ್ಯತ್ಯಾಸಕ್ಕಿಂತ ತಿಳಿ-ಗಾಢದ ವ್ಯತ್ಯಾಸ ಹೆಚ್ಚು ಚುರುಕಾಗಿ ಕಾಣುತ್ತದೆ. ತಿಳಿ ಹಳದಿಯ ಪಕ್ಕ ಗಾಢ ನೀಲಿ ಇಟ್ಟರೆ ಸಾಕಷ್ಟು ದೂರ ಹೋದರೂ ಕಣ್ಣು ಅವನ್ನು ಬಿಡಿಯಾಗಿ ಹಿಡಿಯಲು ಹೆಣಗುತ್ತದೆ. ಚಿತ್ರ ಗರಿಗರಿಯಾಗಿ, ಸಿಡುಬು ಎದ್ದ ಹಾಗೆ ಕಾಣುತ್ತದೆ. ಅದೇ ತಿಳಿ ಹಳದಿಯ ಪಕ್ಕ ಅಷ್ಟೇ ತಿಳಿಯಾದ ಗುಲಾಬಿ ಅಥವಾ ತಿಳಿ ನೇರಳೆ ಇಟ್ಟರೆ ನಾಲ್ಕು ಹೆಜ್ಜೆಗೇ ಕೂಡಿಕೊಂಡು ಮಿನುಗುತ್ತವೆ. ಆದ್ದರಿಂದ ಒಂದು ಜಾಗದಲ್ಲಿ ಬೀಳುವ ಚುಕ್ಕೆಗಳು ಬಣ್ಣದಲ್ಲಿ ಬೇರೆಯಿರಲಿ, ಟೋನ್‌ನಲ್ಲಿ ಒಂದೇ ಇರಲಿ. ಬಿಸಿಲಿನ ಜಾಗಕ್ಕೆ ಬಿಸಿಲಿನ ಟೋನ್, ನೆರಳಿಗೆ ನೆರಳಿನ ಟೋನ್. ಎರಡರ ಗಡಿ ಮಾತ್ರ ಸ್ಪಷ್ಟವಾಗಿರಲಿ.

ಇದನ್ನು ಪರೀಕ್ಷಿಸಲು ಮೊಬೈಲ್ ಸಾಕು. ಕಲಸಿದ ಬಣ್ಣಗಳನ್ನೆಲ್ಲ ಒಂದು ರಟ್ಟಿನ ಮೇಲೆ ಸಾಲಾಗಿ ಹಚ್ಚಿ, ಒಣಗಿದ ಮೇಲೆ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಒಂದೇ ಗುಂಪಿನವು ಒಂದೇ ಬೂದಿಯಾಗಿ ಕಾಣಬೇಕು. ಎದ್ದು ಕಂಡದ್ದಕ್ಕೆ ಬಿಳಿ ಹಾಕಿ ಅಥವಾ ಗಾಢ ಮಾಡಿ ಸಾಲಿಗೆ ತನ್ನಿ. ಒಣಗಿದ ಮೇಲೆ ಎಂದದ್ದಕ್ಕೆ ಕಾರಣವಿದೆ: ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಗಾಢವಾಗುತ್ತದೆ, ಪೋಸ್ಟರ್ ಕಲರ್ ತಿಳಿಯಾಗುತ್ತದೆ. ಆಮೇಲೆ 5 ಸೆಂ.ಮೀ. ಚೌಕಗಳಲ್ಲಿ ಜೋಡಿಗಳನ್ನು ಚುಕ್ಕೆ ಇಟ್ಟು ಗೋಡೆಗೆ ಅಂಟಿಸಿ 3 ಮೀಟರ್ ದೂರದಿಂದ ನೋಡಿ. ಒಂದು ಸಂಜೆಯ ಕೆಲಸ. ಇದನ್ನು ಬಿಟ್ಟು ನೇರ ಬೋರ್ಡಿಗೆ ಇಳಿದವರೇ ಹದಿನೈದು ದಿನದ ಮೇಲೆ ತಲೆಮೇಲೆ ಕೈ ಹೊತ್ತು ಕೂರುವುದು.

ಚುಕ್ಕೆಯ ದಪ್ಪ. ಒಳ್ಳೆಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬಿಡಿಸಿ ನೋಡಬಲ್ಲದು. ಇದರಿಂದ ಬರುವ ಸುಲಭ ಲೆಕ್ಕ: ಚುಕ್ಕೆ ಎಷ್ಟು ಮಿ.ಮೀ. ಇದೆಯೋ ಅದನ್ನು 3.4ರಿಂದ ಗುಣಿಸಿ, ಅಷ್ಟು ಮೀಟರ್ ದೂರದಲ್ಲಿ ಅದು ಪೂರ್ತಿ ಕರಗುತ್ತದೆ. 1 ಮಿ.ಮೀ. ಚುಕ್ಕೆಗೆ ಸುಮಾರು ಮೂರೂವರೆ ಮೀಟರ್, 3 ಮಿ.ಮೀ.ಗೆ 10 ಮೀಟರ್. ನಿಮ್ಮ ಇಯರ್ ಬಡ್ಸ್ ಇಡುವ 5 ಮಿ.ಮೀ. ಚುಕ್ಕೆಗೆ 17 ಮೀಟರ್, ಅಂದರೆ ಓಣಿಯ ಆಚೆ ತುದಿಯಿಂದ ನೋಡಬೇಕು! ಟೋನ್ ಒಂದೇ ಇದ್ದರೆ ಇದಕ್ಕಿಂತ ಬಹಳ ಮೊದಲೇ ಕರಗುತ್ತದೆ. ಪೂರ್ತಿ ಕರಗುವುದು ಬೇಕಾಗಿಯೂ ಇಲ್ಲ. ಕರಗಲೋ ಬೇಡವೋ ಎಂಬ ದೂರದಲ್ಲೇ ಆ ಮಿನುಗು ಇರುವುದು. ಮನೆಯ ಪಡಸಾಲೆಯಲ್ಲಿ ಎರಡೂವರೆ, ಮೂರು ಮೀಟರಿನಿಂದ ನೋಡುವ ಚಿತ್ರಕ್ಕೆ ಮುಂಭಾಗದಲ್ಲಿ 3 ಮಿ.ಮೀ., ನಡುವೆ 2 ಮಿ.ಮೀ., ಗಿಡ-ಮನೆ-ಆಕಾಶದ ಗಡಿಯಲ್ಲಿ 1.5 ಮಿ.ಮೀ. ಇಡಿ.

ಇದಕ್ಕೆ ಎಷ್ಟು ಹೊತ್ತು? ನಿಮ್ಮ ಬೋರ್ಡ್ ಸುಮಾರು 2,790 ಚದರ ಸೆಂ.ಮೀ. 3 ಮಿ.ಮೀ. ಚುಕ್ಕೆ ಒಂದು ಚದರ ಸೆಂ.ಮೀ.ಗೆ 11 ಹಿಡಿಸುತ್ತವೆ, ಒಂದು ಸುತ್ತಿಗೆ ಸುಮಾರು 31,000. ಬಣ್ಣ ಅದ್ದುವುದೂ ಸೇರಿ ನಿಮಿಷಕ್ಕೆ 40 ಚುಕ್ಕೆ ಎಂದರೆ 13 ಗಂಟೆ. ಪೂರ್ತಿ 2 ಮಿ.ಮೀ. ಮಾಡಿದರೆ ಚುಕ್ಕೆ 70,000ದ ಹತ್ತಿರ, 29 ಗಂಟೆ. ಮೇಲಿನ ಸುತ್ತುಗಳು ಬೇರೆ. ಹಳ್ಳಿಯ ಬದುಕನ್ನು ಚುಕ್ಕೆಯಲ್ಲಿ ಹಿಡಿದವರಲ್ಲಿ ಹಿರಿಯರು ಕಮೀಲ್ ಪಿಸ್ಸಾರೊ. ಫ್ರಾನ್ಸಿನ ಎರಾಞಿ ಎಂಬ ಹಳ್ಳಿಯಲ್ಲಿ ಕೂತು ಹುಲ್ಲು ಕೊಯ್ಯುವವರು, ಸೇಬು ಕೀಳುವವರನ್ನೆಲ್ಲ ಬಿಡಿಸಿದರು. ಐವತ್ತೈದು ದಾಟಿದ ಮೇಲೆ ಹಿಡಿದ ಈ ದಾರಿಯನ್ನು ನಾಲ್ಕೈದು ವರ್ಷಕ್ಕೇ ಬಿಟ್ಟರು, ಅದು ನಿಧಾನ, ಕೈಯ ಓಟವನ್ನು ಕಟ್ಟಿಹಾಕುತ್ತದೆ ಎಂದು. ನಿಮಗೂ ಕುತ್ತಿಗೆ ನೋಯುತ್ತದೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕೂರಬೇಡಿ. ದಣಿದ ಕೈ ಬಣ್ಣ ಬದಲಿಸದೆ ಒಂದೇ ಡಬ್ಬಿಯಿಂದ ಹೊಡೆಯುತ್ತ ಹೋಗುತ್ತದೆ.

ಪೋಸ್ಟರ್ ಕಲರಿನ ಕಾಟ ಇದು: ಒಣಗಿದ ಮೇಲೂ ಅದು ನೀರಿಗೆ ಕರಗುತ್ತದೆ. ಮೇಲೊಂದು ಹಸಿ ಚುಕ್ಕೆ ಬಿದ್ದೊಡನೆ ಕೆಳಗಿನದು ಎದ್ದು ಅದರೊಳಗೆ ಬೆರೆಯುತ್ತದೆ. ಹಳದಿಯ ಅಂಚಿಗೆ ಹಸಿರು ಗೆರೆ, ಬಿಳಿಯ ನಡುವೆ ಗುಲಾಬಿ ಕಲೆ. ಇದು ಕಣ್ಣಿನ ರಾಡಿಯಲ್ಲ, ನಿಜವಾದ ರಾಡಿ. ಅಕ್ರಿಲಿಕ್‌ಗೆ ಬನ್ನಿ. ಬಿಳಿ ದೊಡ್ಡ ಟ್ಯೂಬು, 100 ಮಿ.ಲೀ. ಆದರೂ ಇರಲಿ. ಉಳಿದವು 40 ಮಿ.ಲೀ. ಒಂದೊಂದು ಸಾಕು: ಲೆಮನ್ ಹಳದಿ, ಬೆಚ್ಚಗಿನ ಹಳದಿ, ಕಿತ್ತಳೆ, ನ್ಯಾಫ್ತಾಲ್ ಕೆಂಪು, ಮಜೆಂಟಾ, ಅಲ್ಟ್ರಾಮರೀನ್ ನೀಲಿ, ಥ್ಯಾಲೊ ಹಸಿರು, ಯೆಲ್ಲೊ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು). ಟ್ಯೂಬಿನ ಮೇಲೆ ಪಿಗ್ಮೆಂಟ್ ಸಂಕೇತ ಓದಿ. ಮಜೆಂಟಾಕ್ಕೆ ಪಿಆರ್ 122 ಇರಲಿ. ಪಿಆರ್ 83 ಎಂದಿರುವ ಕ್ರಿಮ್ಸನ್ ಅನ್ನು ಬಿಳಿಯೊಂದಿಗೆ ತಿಳಿ ಮಾಡಿದರೆ ಬಿಸಿಲಿಗೆ ಮಾಸುತ್ತದೆ. ಇದು ಸಣ್ಣ ವಿಷಯವಲ್ಲ. ಸೊರಾ ಬಳಸಿದ ಜಿಂಕ್ ಹಳದಿ ಅವರ ಕಾಲದಲ್ಲೇ ಕಂದಾಗತೊಡಗಿತು, ಗ್ರಾಂಡ್ ಜಾತ್‌ನ ಹುಲ್ಲಿನ ಮೇಲಿದ್ದ ಬಿಸಿಲಿನ ಚುಕ್ಕೆಗಳೇ ಇವತ್ತು ಮಂಕಾಗಿ ಕೂತಿವೆ.

ಇಯರ್ ಬಡ್ಸ್ ಬಿಡಿ. ಮೂವತ್ತು ನಲವತ್ತು ಚುಕ್ಕೆಗೆ ಅದರ ಹತ್ತಿ ಕೆದರುತ್ತದೆ, ಬಣ್ಣವನ್ನೂ ಕುಡಿಯುತ್ತದೆ. ಬಿದಿರಿನ ಕಡ್ಡಿಗಳನ್ನು ಅಡ್ಡ ಕತ್ತರಿಸಿ ತುದಿಯನ್ನು ಉಜ್ಜುಕಾಗದದ ಮೇಲೆ ಚಪ್ಪಟೆ ಮಾಡಿದರೆ 3 ಮತ್ತು 2 ಮಿ.ಮೀ.ಗೆ ಬೇಕಾದ ಉಪಕರಣ ಸಿದ್ಧ. ಸಣ್ಣದಕ್ಕೆ 0 ನಂಬರ್ ದುಂಡು ಬ್ರಷ್. ಬಣ್ಣಕ್ಕೊಂದು ಕಡ್ಡಿ ಇರಲಿ, ತೊಳೆದು ಬದಲಿಸುವ ಗೋಜಿಗೆ ಹೋಗಬೇಡಿ. ಬಣ್ಣದ ಹದ ಗಟ್ಟಿ ಮೊಸರಿನಂತೆ: ಕಡ್ಡಿ ಎತ್ತಿದಾಗ ಮೊನೆ ಎದ್ದು ನಿಂತರೆ ಗಟ್ಟಿ ಹೆಚ್ಚಾಯಿತು, ಚುಕ್ಕೆಯ ಸುತ್ತ ಉಂಗುರ ಕಟ್ಟಿದರೆ ನೀರು ಹೆಚ್ಚಾಯಿತು. ಒಂದು ಸಲ ಅದ್ದಿದರೆ ನಾಲ್ಕೈದು ಚುಕ್ಕೆ ಬರುತ್ತವೆ, ಒಂದಕ್ಕಿಂತ ಒಂದು ಚಿಕ್ಕದು. ಕಲಸಿದ ಬಣ್ಣ ಇಡಲು ಮೆಡಿಕಲ್ ಶಾಪಿನಲ್ಲಿ ಸಿಗುವ ವಾರದ ಮಾತ್ರೆ ಡಬ್ಬಿ ಎರಡು ತನ್ನಿ. ಹದಿನಾಲ್ಕು ಗೂಡು, ಒಂದೊಂದಕ್ಕೂ ಮುಚ್ಚಳ. ವಿಜಯಪುರದ ಬೇಸಿಗೆಯಲ್ಲಿ ತೆರೆದ ತಟ್ಟೆಯ ಅಕ್ರಿಲಿಕ್ ಐದು ನಿಮಿಷಕ್ಕೆ ಕೆನೆ ಕಟ್ಟುತ್ತದೆ. ಫ್ಯಾನ್ ಕೆಳಗೆ ಇನ್ನೂ ಬೇಗ.

ಬಿಳಿ ಬೋರ್ಡಿನ ಮೇಲೆ ನೇರ ಚುಕ್ಕೆ ಇಡುವುದು ಇನ್ನೊಂದು ಸಾಮಾನ್ಯ ತಪ್ಪು. ದುಂಡು ಚುಕ್ಕೆಗಳು ಒಂದಕ್ಕೊಂದು ತಾಗಿ ಸಾಲಾಗಿ ಕೂತರೂ ಮುಚ್ಚುವುದು ಜಾಗದ 78.5 ಶೇಕಡಾ ಮಾತ್ರ. ಉಳಿದ ಐದನೇ ಒಂದು ಭಾಗ ಬೋರ್ಡಿನ ಬಿಳಿ. ಅದು ಎಲ್ಲ ಬಣ್ಣಕ್ಕೂ ಸುಣ್ಣ ಬಳಿದಂತೆ ಸಪ್ಪೆ ಮಾಡುತ್ತದೆ. ಆದ್ದರಿಂದ ಮೊದಲು ಪೆನ್ಸಿಲ್ ಗೆರೆಯನ್ನು ತೆಳ್ಳಗೆ ಹಾಕಿ, ಒಂದೊಂದು ಜಾಗಕ್ಕೂ ಅದರದೇ ಬಣ್ಣವನ್ನು ನೀರಾಗಿ ಬಳಿದುಕೊಳ್ಳಿ: ಹೊಲಕ್ಕೆ ಓಕರ್, ಮಣ್ಣಿಗೆ ಬೂದುಗಂದು, ಗಿಡಕ್ಕೆ ಮಾಸಲು ಹಸಿರು, ಆಕಾಶಕ್ಕೆ ತಿಳಿ ನೀಲಿ. ಚುಕ್ಕೆಗಳ ನಡುವೆ ಇಣುಕುವುದು ಆ ಬಣ್ಣವಾಗಲಿ. ಗ್ರಾಂಡ್ ಜಾತ್‌ನಲ್ಲೂ ಕೆಳಗಿರುವುದು ಗೀಟುಗೀಟಾದ ಬಣ್ಣದ ಹಾಸು, ಚುಕ್ಕೆಗಳು ಮೇಲಿನ ಪದರ.

ಚುಕ್ಕೆ ಇಡುವಾಗ ರಂಗೋಲಿ ಮರೆಯಿರಿ. ಕೈಗೆ ರೂಢಿಯಾದ ಸಾಲು ಚುಕ್ಕೆ ದೂರಕ್ಕೆ ಗೆರೆ ಗೆರೆಯಾಗಿ, ಚಾಪೆಯ ಹಾಗೆ ಕಾಣುತ್ತದೆ. ಒಂದು ಬಣ್ಣ ತೆಗೆದುಕೊಂಡರೆ ಅಂಗೈ ಅಗಲದ ಜಾಗದಲ್ಲಿ ಚೆದುರಿಸಿ ಇಡಿ, ಅದು ಒಣಗಿದ ಮೇಲೆ ಎರಡನೆಯ ಬಣ್ಣವನ್ನು ಬಿಟ್ಟ ಜಾಗದಲ್ಲಿ ಇಡಿ. ಒಂದು ಬಣ್ಣದ ಮೂರು ಚುಕ್ಕೆ ಒಂದೆಡೆ ಗುಂಪು ಕೂಡಿದರೆ ಅದು ಕಲೆಯಾಗಿ ಎದ್ದು ಕಾಣುತ್ತದೆ.

ಈಗ ನಿಮ್ಮ ಹೊಲಕ್ಕೆ ಬರೋಣ. ಬಿಸಿಲಿಗೆ ಬಿದ್ದ ಒಣ ಎಲೆಗೆ ಹತ್ತು ಚುಕ್ಕೆಯಲ್ಲಿ ನಾಲ್ಕು ಓಕರ್-ಬಿಳಿ, ಮೂರು ತಿಳಿ ಕಿತ್ತಳೆ, ಎರಡು ಪಿಸ್ತಾ, ಒಂದು ಲೆಮನ್-ಬಿಳಿ. ತಿಳಿ ಕಿತ್ತಳೆಗೆ ಒಂದು ಪಾಲು ಕಿತ್ತಳೆ, ಐದು ಪಾಲು ಬಿಳಿ. ಪಿಸ್ತಾಕ್ಕೆ ಮೂರು ಪಾಲು ಲೆಮನ್ ಹಳದಿ, ಆರು ಪಾಲು ಬಿಳಿ, ಬೆಂಕಿಕಡ್ಡಿ ತಲೆಯಷ್ಟು ಥ್ಯಾಲೊ ಹಸಿರು. ಥ್ಯಾಲೊ ಬಲು ಪುಂಡ ಬಣ್ಣ, ಒಂದು ಹನಿ ಹೆಚ್ಚಾದರೆ ಡಬ್ಬಿಯನ್ನೇ ನುಂಗುತ್ತದೆ. ದಂಟುಗಳ ಸಂದಿಯ ನೆರಳಿಗೆ ಗಾಢ ಓಕರ್ ಐದು, ನೇರಳೆ ಮೂರು, ಕೆಂಗಂದು ಎರಡು. ನೇರಳೆಯನ್ನು ಮಜೆಂಟಾ ಮತ್ತು ಅಲ್ಟ್ರಾಮರೀನ್‌ನಿಂದ ಕಲಸಿ, ಓಕರ್‌ನ ಟೋನ್‌ಗೆ ಬರುವಷ್ಟು ಬಿಳಿ ಹಾಕಿ.

ಮುಂಭಾಗದಲ್ಲಿ ಆರೇಳು ತೆನೆಗಳನ್ನು ಮಾತ್ರ ಬಿಡಿಬಿಡಿಯಾಗಿ ಕಟ್ಟಿ. ಬಿಳಿಜೋಳದ ತೆನೆ ಮೊಟ್ಟೆಯಾಕಾರದ ದಟ್ಟ ತೆನೆ. 3 ಮಿ.ಮೀ.ಯ ಹನ್ನೆರಡು ಚುಕ್ಕೆ ಸಾಕು. ಬಿಸಿಲು ಎಡಗಡೆಯಿಂದ ಬರುತ್ತಿದ್ದರೆ ಎಡಮೇಲಿನ ಐದು ಕೆನೆ ಬಣ್ಣ, ಅದರಲ್ಲಿ ಒಂದು ಪೂರ್ತಿ ಬಿಳಿ. ನಡುವೆ ಮೂರು ಓಕರ್-ಬಿಳಿ. ಬಲಕೆಳಗೆ ಮೂರು ಮಾಸಲು ನೇರಳೆ. ಬಿಸಿಲು ನೆರಳು ಕೂಡುವ ಗಡಿಯಲ್ಲಿ ಒಂದೇ ಒಂದು ಕಿತ್ತಳೆ. ಆ ಒಂದು ಕಿತ್ತಳೆ ಇಲ್ಲದಿದ್ದರೆ ತೆನೆ ಹತ್ತಿಯ ಉಂಡೆಯಾಗುತ್ತದೆ. ಹಿಂದಿನ ತೆನೆಗಳಿಗೆ ಐದು, ಇನ್ನೂ ಹಿಂದಿನವಕ್ಕೆ ಎರಡು ಚುಕ್ಕೆ, ಆಮೇಲೆ ಬರೀ ತಿಳಿ ಪಟ್ಟಿ. ಹೊಲದ ನಡುವೆ ಕುಸುಬಿ ಸಾಲು ಇದ್ದರೆ ಕಿತ್ತಳೆ-ಹಳದಿಯನ್ನು ಡಬ್ಬಿಯಿಂದ ತೆಗೆದ ಹಾಗೆಯೇ ಇಡಬಹುದಾದ ಜಾಗ ಅದೊಂದೇ. ಆದರೆ ಸುಗ್ಗಿಯ ಹೊತ್ತಿಗೆ ಕುಸುಬಿಯೂ ಒಣಗುತ್ತ ಬಂದಿರುತ್ತದೆ. ಹತ್ತು ಹನ್ನೆರಡು ಚುಕ್ಕೆ ಮೀರದಿರಿ.

ಎರೆ ಮಣ್ಣು. ಕಪ್ಪು ಹಚ್ಚಬಾರದು ಎಂಬುದು ಸಿನ್ಯಾಕ್ ಬಳಗದ ಕಟ್ಟಳೆ. ಅವರು ಕಪ್ಪನ್ನೂ ಓಕರ್‌ನಂಥ ಮಣ್ಣಿನ ಬಣ್ಣಗಳನ್ನೂ ತಟ್ಟೆಯಿಂದಲೇ ಹೊರಹಾಕಿದ್ದರು. ನಾವು ಓಕರ್ ಇಟ್ಟುಕೊಂಡಿದ್ದೇವೆ. ಪೂರ್ತಿ ನಿಷ್ಠೆಗೆ ಬಿದ್ದರೆ ವಿಜಯಪುರದ ನೆಲವನ್ನು ಬಿಡಿಸುವುದು ಸುಮ್ಮನೆ ಕಷ್ಟ. ಕಪ್ಪು ಬೇಡ ಎನ್ನಲು ನಿಜವಾದ ಕಾರಣ ಬೇರೆ: ಚುಕ್ಕೆಯಾಗಿ ಬಿದ್ದ ಕಪ್ಪು ಮಣ್ಣಿನ ಹಾಗೆ ಕಾಣದೆ ಚಿತ್ರಕ್ಕೆ ಬಿದ್ದ ತೂತಿನ ಹಾಗೆ ಕಾಣುತ್ತದೆ. ಅಲ್ಲದೆ ಸುಗ್ಗಿಯಲ್ಲಿ ಎರೆ ಕಪ್ಪಗಿರುವುದೂ ಇಲ್ಲ. ಮಳೆ ಕುಡಿದಾಗಿನ ನೀಲಿಗಪ್ಪು ಹೋಗಿ, ಒಣಗಿ ಬಿರುಕು ಬಿಟ್ಟು ಬೂದುಗಂದಾಗಿರುತ್ತದೆ. ಅಲ್ಟ್ರಾಮರೀನ್ ಮೂರು ಪಾಲು, ಬರ್ನ್ಟ್ ಸಿಯೆನ್ನಾ ಎರಡು ಪಾಲು ಕಲಸಿದರೆ ಕಪ್ಪಿಗೆ ಹತ್ತಿರದ ಗಾಢ ಬಣ್ಣ. ಅದಕ್ಕೆ ಬಿಳಿ ಹಾಕಿ ಒಣ ಮಣ್ಣಿನ ಟೋನ್‌ಗೆ ತನ್ನಿ. ಹತ್ತರಲ್ಲಿ ಐದು ಇದು, ಮೂರು ಮಾಸಲು ನೇರಳೆ, ಒಂದು ಕೆಂಗಂದು, ಒಂದು ತಿಳಿ ಕಿತ್ತಳೆಯನ್ನು ಅದೇ ಟೋನ್‌ಗೆ ಮಾಸಲು ಮಾಡಿದ್ದು. ಬಿರುಕುಗಳನ್ನು ಗೆರೆ ಎಳೆಯಬೇಡಿ. ಬಿಳಿ ಹಾಕದ ಆ ಗಾಢ ಬಣ್ಣದ 1.5 ಮಿ.ಮೀ. ಚುಕ್ಕೆಗಳನ್ನು ತುಂಡುತುಂಡಾಗಿ, ಮುಂಭಾಗದಲ್ಲಿ ಮಾತ್ರ ಇಡಿ.

ಕಣದ ನೆಲ ಸಗಣಿ ಸಾರಿಸಿದ್ದು, ಹೊಲಕ್ಕಿಂತ ತಿಳಿ, ಹಸಿರು ಛಾಯೆಯದು. ಅದರ ಮೇಲೆ ನಿಂತ ಕಿಲಾರಿ ಎತ್ತು ಬೆಳ್ಳಗೆ. ತಿಳಿಯ ಮೇಲೆ ಬಿಳಿ, ಗೆರೆ ಹಾಕುವ ಹಾಗಿಲ್ಲ, ಏನು ಮಾಡುವುದು? ಇಲ್ಲೇ ಶೆವ್ರೊಲ್ ಕೆಲಸಕ್ಕೆ ಬರುತ್ತಾರೆ. ಎತ್ತಿನ ಬಿಸಿಲಿನ ಮಗ್ಗುಲಿಗೆ ತಾಗಿದ ಕಣದ ಎರಡು ಸಾಲು ಚುಕ್ಕೆಗಳನ್ನು ಉಳಿದ ಕಣಕ್ಕಿಂತ ಒಂದು ಹದ ಗಾಢ ಮಾಡಿ. ನೆರಳಿನ ಮಗ್ಗುಲಿಗೆ ತಾಗಿದ ಎರಡು ಸಾಲನ್ನು ಒಂದು ಹದ ತಿಳಿ ಮಾಡಿ. ಗೆರೆಯಿಲ್ಲದೆ ಎತ್ತು ಎದ್ದು ಬರುತ್ತದೆ. ಸೊರಾ ಅವರ ಆಕೃತಿಗಳ ಸುತ್ತ ಕಾಣುವ ಮಂದ ಪ್ರಭೆ ಇದೇ ಉಪಾಯ. ಎತ್ತಿನ ಮೈಯ ನೆರಳು ತಿಳಿ ನೀಲಿ-ನೇರಳೆ. ಹೊಟ್ಟೆಯ ಕೆಳಗೆ ಮಾತ್ರ ನೆಲದಿಂದ ಪುಟಿದ ಬೆಳಕು ಬೀಳುವುದರಿಂದ ಅಲ್ಲಿ ಓಕರ್-ಕಿತ್ತಳೆ. ಕಾಲಿನ ದಪ್ಪ ಈ ಅಳತೆಯಲ್ಲಿ 5 ಮಿ.ಮೀ. ಆಗಬಹುದು, 3 ಮಿ.ಮೀ. ಚುಕ್ಕೆಯಿಂದ ಕಾಲು ಕಟ್ಟಲು ಹೋದರೆ ಆನೆಕಾಲು. ಅಲ್ಲಿ 1.5ಕ್ಕೆ ಇಳಿಯಿರಿ.

ಹೆಣ್ಣುಮಗಳ ತಲೆ ಒಂದು ಸೆಂ.ಮೀ. ಇದ್ದರೆ ಅದಕ್ಕೆ ಕಣ್ಣು ಮೂಗು ಬೇಡ. ತಲೆ ಮೇಲಿನ ಸೆರಗು, ಅದರ ಕೆಳಗೆ ಒಂದು ಗಾಢ ಟೋನ್, ಅಷ್ಟೇ. ಇಳಕಲ್ ಸೀರೆಯ ಸೆರಗಿಗೆ ಮೂರು ಕೆಂಪಿಗೆ ಒಂದು ಬಿಳಿ ಇಟ್ಟರೆ ತೋಪು ತೆನೆ ಎಂಬ ಸೆರಗಿನ ವಿನ್ಯಾಸದ ನೆನಪು ತಾನಾಗಿ ಬರುತ್ತದೆ. ಸಣ್ಣ ಬ್ರಷ್ಷಿನಿಂದ ಆ ವಿನ್ಯಾಸವನ್ನೇ ಬಿಡಿಸಲು ಹೋಗಬೇಡಿ. ಚಿತ್ರದ ಉಳಿದ ಭಾಗವೆಲ್ಲ ಚುಕ್ಕೆಯಿದ್ದು ಅದೊಂದು ಮಾತ್ರ ಗೆರೆಯಾದರೆ ಹಚ್ಚಿದ ತೇಪೆ.

ಈ ಶೈಲಿಗೆಂದೇ ಹುಟ್ಟಿದ ವಸ್ತು ಯಾವುದಾದರೂ ಇದ್ದರೆ ಅದು ತೂರುವ ಹೊತ್ತಿನ ಧೂಳು. ಮೊರದಿಂದ ಕಾಳು ನೆಟ್ಟಗೆ ಬೀಳುತ್ತದೆ, ಹೊಟ್ಟು ಗಾಳಿಗೆ ಓರೆಯಾಗಿ ಸಾಗುತ್ತದೆ. ಕಾಳಿಗೆ 2 ಮಿ.ಮೀ. ಕೆನೆ ಚುಕ್ಕೆ, ದಟ್ಟವಾಗಿ, ಬೆರಳಗಲದ ನೇರ ಪಟ್ಟಿ. ಹೊಟ್ಟಿಗೆ 1 ಮಿ.ಮೀ. ಚುಕ್ಕೆ, ಮೊರದ ಬಳಿ ಒತ್ತಾಗಿ, ದೂರ ಹೋದಂತೆ ಬಿಡಿಯಾಗಿ. ಸಂದಿಯಲ್ಲಿ ಹಿಂದಿನ ಬೇವಿನ ಗಿಡ ಕಾಣುತ್ತಿರಬೇಕು. ಹೊಟ್ಟಿನ ಬಣ್ಣ ಹಿನ್ನೆಲೆಗೆ ತಕ್ಕಂತೆ ಬದಲಾಗಲಿ: ಗಿಡದ ನೆರಳಿನ ಮುಂದೆ ತಿಳಿ ಹಳದಿ, ಬೆಳಕಿನ ಆಕಾಶದ ಮುಂದೆ ಮಾಸಲು ನೇರಳೆ. ಎಲ್ಲೆಡೆ ಬಿಳಿಯನ್ನೇ ಇಟ್ಟರೆ ಆಕಾಶದ ಮುಂದೆ ಹೊಟ್ಟು ಕಾಣೆಯಾಗುತ್ತದೆ.

ಬೇವಿನ ಗಿಡಕ್ಕೆ ಮೂರು ಹಸಿರು ಹೇಳಿದ್ದಾಯಿತು. ಸುಗ್ಗಿ ಮುಗಿಯುವ ಹೊತ್ತಿಗೆ ಬೇವು ಹಳೆ ಎಲೆ ಉದುರಿಸಿ ತಾಮ್ರದ ಬಣ್ಣದ ಚಿಗುರು ಬಿಡುತ್ತದೆ. ಹದಿನೈದು ಹಸಿರಿಗೆ ಒಂದು ತಾಮ್ರಗೆಂಪು ಇಟ್ಟರೆ ಹಸಿರಿನ ಕಣ್ಣು ಕುಕ್ಕುವ ಗುಣವೂ ತಣಿಯುತ್ತದೆ. ಬುಡದ ನೆರಳನ್ನು ಮಾತ್ರ ಹಸಿರು ಮಾಡಬೇಡಿ. ಪಿಸ್ಸಾರೊ ಅವರ 1888ರ ಸೇಬು ಸುಗ್ಗಿಯ ಚಿತ್ರದಲ್ಲಿ ಗಿಡದ ಕೆಳಗಿನ ದೊಡ್ಡ ನೆರಳು ನೀಲಿ, ನೇರಳೆ, ಗುಲಾಬಿಗಳ ಹರಹು. ಕಂದು ನೆಲದ ಮೇಲೆ ಬಿದ್ದ ಬೇವಿನ ನೆರಳಿಗೂ ಅದೇ ಹೊಂದುತ್ತದೆ. ಆಕಾಶ ಸುಲಭ: ಮೇಲೆ ತಿಳಿ ನೀಲಿ ಆರು, ತಿಳಿ ನೇರಳೆ ಮೂರು, ತಿಳಿ ಗುಲಾಬಿ ಒಂದು, ಕೆಳಗೆ ಬರುತ್ತ ನೀಲಿ ಇಳಿಸಿ ಕೆನೆ ಏರಿಸಿ, ನಮ್ಮ ಕಡೆಯ ಧೂಳಿನ ದಿಗಂತಕ್ಕೆ. ಮಾಳಿಗೆ ಮನೆಗೆ ಎರಡೇ ಟೋನ್ ಸಾಕು.

ಕೆಲಸವನ್ನು ಹಗಲು ಬೆಳಕಿನಲ್ಲಿ ಮಾಡಿ, ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಕೆಂಪು ಸಾಯುತ್ತದೆ. ಮುಗಿದು ಎರಡು ವಾರದ ಮೇಲೆ ಸ್ಯಾಟಿನ್ (ಅರೆಹೊಳಪಿನ) ವಾರ್ನಿಶ್ ತೆಳುವಾಗಿ ಎರಡು ಸಲ. ಪೂರ್ತಿ ಹೊಳಪಿನ ವಾರ್ನಿಶ್ ಬೇಡ, ಒಂದೊಂದು ಚುಕ್ಕೆಯ ಉಬ್ಬೂ ಬೆಳಕನ್ನು ಮಿಂಚಿಸಿ ಬಣ್ಣವನ್ನೇ ಮುಚ್ಚುತ್ತದೆ.

ಈಗಿನ ಬೋರ್ಡನ್ನು ಉಳಿಸಬಹುದೇ ಎಂದು ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿರುತ್ತದೆ. ಪೋಸ್ಟರ್ ಕಲರಿನ ಮೇಲೆ ಅಕ್ರಿಲಿಕ್ ಹಚ್ಚಿದರೆ ಮುಂದೊಂದು ದಿನ ಹಪ್ಪಳದಂತೆ ಏಳುತ್ತದೆ, ಆ ಆಸೆ ಬೇಡ. ನೀರಿಗೆ ಕರಗುವ ಗುಣವೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ಹಿಂಡಿದ ಸ್ಪಂಜಿನಿಂದ ಹೊಲ ಮತ್ತು ಬೇವಿನ ಗಿಡವನ್ನು ಮಾತ್ರ ಒತ್ತಿ ಒತ್ತಿ ಎತ್ತಿ, ಉಜ್ಜಬೇಡಿ. ಪೂರ್ತಿ ಹೋಗುವುದಿಲ್ಲ, ಮಾಸಲು ಕಂದು ಹಾಸು ಉಳಿಯುತ್ತದೆ. ಒಂದು ದಿನ ಒಣಗಲು ಬಿಟ್ಟು ಅದೇ ಪೋಸ್ಟರ್ ಕಲರಿನಲ್ಲಿ, ಈ ಸಲ ಎಲ್ಲಕ್ಕೂ ಬಿಳಿ ಬೆರೆಸಿ, ಬಣ್ಣ ಗಟ್ಟಿಯಾಗಿ, ಒಂದು ಜಾಗದ ಮೇಲೆ ಒಂದೇ ಸಲ ಚುಕ್ಕೆ ಇಡಿ. ತಪ್ಪಿದ ಚುಕ್ಕೆಯ ಮೇಲೆ ಇನ್ನೊಂದು ಚುಕ್ಕೆ ಬೇಡ. ಒಣಗಿದ ಮೇಲೆ ಬ್ಲೇಡಿನ ಮೂಲೆಯಿಂದ ಕೆರೆದು ತೆಗೆಯಿರಿ.